ಸ್ಯಾಂಪಲ್ ಮಗ

"ಡಾಕ್ಟ್ರೇ, ಮೊದಲು ನನಗೆ ಮಾಡಿ," ಎಂದೆ.

ಬರೆಯುತ್ತಿದ್ದ ಡಾಕ್ಟರು ಪೆನ್ನು ನಿಲ್ಲಿಸಿದರು. ನನಗೆ ಇಪ್ಪತ್ತಾರು ವರ್ಷ. ಪ್ರಾಸ್ಟೇಟ್ ಪರೀಕ್ಷೆ ಮಾಡಿ ಎಂದು ಬಾಯಿಬಿಟ್ಟು ಕೇಳುವ ವಯಸ್ಸಲ್ಲ ಅದು. ಕೇಳಿದ ಮೇಲೆ ನನ್ನ ಕಿವಿಯೇ ಬಿಸಿಯಾಯಿತು. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ ಮಾತ್ರ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಗೋಡೆಯ ಮೇಲಿನ ಮೂತ್ರಪಿಂಡದ ಚಿತ್ರ ನೋಡುತ್ತಿದ್ದ.

ಇಲ್ಲಿಯವರೆಗೆ ತಂದು ನಿಲ್ಲಿಸಿದ್ದು ಅಪ್ಪನ ಮೊಂಡುತನ. ನಮ್ಮದು ಎರಡು ಕುರ್ಚಿಯ ಕ್ಷೌರದಂಗಡಿ. ಬಾಗಿಲ ಹತ್ತಿರದ ಕುರ್ಚಿ ಅಪ್ಪನದು, ಒಳಗಿನದು ನನ್ನದು. ಒಂದು ವರ್ಷದಿಂದ ಅಪ್ಪ ಕೆಲಸದ ನಡುವೆ ಕತ್ತರಿ ಇಟ್ಟು ಹಿತ್ತಲಿಗೆ ಓಡುವುದು ಶುರುವಾಗಿತ್ತು. ಹೋದರೆ ಬೇಗ ಬರುತ್ತಲೂ ಇರಲಿಲ್ಲ. ಒಮ್ಮೆ ಅಂಚೆಯವನ ಅರ್ಧ ಮೀಸೆ ತೆಗೆದು ಒಳಗೆ ಹೋದ. ಕಾದು ಕಾದು ಬೇಸತ್ತ ಅಂಚೆಯವನು ಉಳಿದರ್ಧ ಮೀಸೆಯಲ್ಲೇ ಎದುರು ಸಾಲಿನ ಮನೆಗಳಿಗೆಲ್ಲ ಕಾಗದ ಹಂಚಿ ಬಂದ. ಆಮೇಲೆ ಸೊಂಟ ನೋವೆಂದು ಅಪ್ಪ ಸ್ಟೂಲಿನ ಮೇಲೆ ಕೂತು ಕತ್ತರಿಸತೊಡಗಿದ. "ನೋಡಿ, ಮಹಾರಾಜರು ಕೂತಲ್ಲೇ ಕ್ಷೌರ ಮಾಡ್ತಾರೆ," ಎಂದು ನಾನು ಗಿರಾಕಿಗಳ ಎದುರು ಗೇಲಿ ಮಾಡಿದ್ದೆ. ಅಪ್ಪನೂ ನಕ್ಕಿದ್ದ.

ನಮ್ಮ ಅಜ್ಜ ಮೂತ್ರ ಕಟ್ಟಿ ಸತ್ತವನು. ದೊಡ್ಡಪ್ಪ ಐವತ್ತನಾಲ್ಕಕ್ಕೇ ಅದೇ ದಾರಿ ಹಿಡಿದ. ಹಾಗಾಗಿ ಅಮ್ಮನಿಗೆ ದಿಗಿಲು. "ನಿಮ್ಮಪ್ಪನ್ನ ನೀನೇ ಕರ್ಕೊಂಡು ಹೋಗಪ್ಪ. ನಾನು ಹೇಳೋದು ಗೋರ್ಕಲ್ಲ ಮೇಲೆ ಮಳೆ ಸುರಿದಂಗೆ," ಎಂದು ಕೈಚೆಲ್ಲಿದಳು. ಹೋದ ವಾರ ಅಂಗಡಿ ಖಾಲಿಯಿದ್ದ ಹೊತ್ತು ನೋಡಿ ನಾನು ಮಾತೆತ್ತಿದೆ.

"ಆ ಪರೀಕ್ಷೆ ಎಲ್ಲಿಗೆ ಬೆರಳು ಹಾಕಿ ಮಾಡ್ತಾರೆ ಗೊತ್ತಾ ನಿನಗೆ?" ಎಂದ ಅಪ್ಪ.

"ಗೊತ್ತು. ಒಂದು ನಿಮಿಷದ ಕೆಲಸ."

"ಹೇಳೋಕೇನು. ನಿನಗೆ ಮಾಡಿಸ್ಕೋ ಅಂದಿದ್ರೆ ಆಸ್ಪತ್ರೆ ಬಾಗಿಲ ತನಕಾನೂ ಹೋಗ್ತಿರ್ಲಿಲ್ಲ."

ನನಗೆ ಮೂಗಿನ ತುದಿಯಲ್ಲೇ ಕೋಪ. "ನಾನೇ ಮೊದಲು ಮಾಡಿಸ್ಕೋತೀನಿ, ನಿನ್ನ ಎದುರಿಗೇ. ಆಮೇಲೆ ನೀನು ಕಮಕ್ ಕಿಮಕ್ ಅನ್ನಬಾರದು."

ಅಪ್ಪ ಬಾಚಣಿಗೆಯಲ್ಲಿ ಸಿಕ್ಕಿದ್ದ ಕೂದಲು ಊದಿದ. "ನೀನು ಮಾಡಿಸ್ಕೋ. ಆಮೇಲೆ ನಾನು ಇಲ್ಲ ಅನ್ನಲ್ಲ," ಎಂದ.

ಈ ಉಪಾಯ ನಾನು ಕಲಿತದ್ದೇ ಅಪ್ಪನಿಂದ. ನನಗೆ ನಾಲ್ಕು ವರ್ಷವಾದಾಗಿನಿಂದ, ಮೆಷಿನ್ನಿನ ಸದ್ದಿಗೆ ಹೆದರಿ ಚೀರುವ ಮಗು ಯಾವುದು ಬಂದರೂ ಅಪ್ಪ ನನ್ನನ್ನು ಕೂಗುತ್ತಿದ್ದ. ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿ, ನನ್ನ ತಲೆಯ ಮೇಲೆ ಮೆಷಿನ್ ಓಡಿಸಿ ತೋರಿಸುತ್ತಿದ್ದ. "ನೋಡು ಪುಟ್ಟ, ನನ್ ಮಗ ಅಳ್ತಾನಾ? ನನ್ ಮಗ ಅಳಲ್ಲ." ಮುಗಿದ ಮೇಲೆ ಹೆಗಲ ಟವೆಲ್ಲಿನಿಂದ ನನ್ನ ಕತ್ತು ಒರೆಸಿ, "ಆಯ್ತು, ಏಳು," ಎನ್ನುತ್ತಿದ್ದ. ವಾರಕ್ಕೆ ಮೂರು ಮಕ್ಕಳು ಬಂದರೆ ನನ್ನ ತಲೆಯಲ್ಲಿ ಕೂದಲೇ ಉಳಿಯುತ್ತಿರಲಿಲ್ಲ. ಆಗ ಬರೀ ಸದ್ದು ಮಾಡಿ ಏಳಿಸುತ್ತಿದ್ದ. ಬೀದಿಯವರು ನನಗೆ ಸ್ಯಾಂಪಲ್ ಎಂದು ಹೆಸರಿಟ್ಟರು. ಇವತ್ತಿಗೂ ಹಾಗೇ ಕರೆಯುತ್ತಾರೆ. ಅಪ್ಪನ ಬಾಣವನ್ನು ಅಪ್ಪನಿಗೇ ತಿರುಗಿಸಿದೆನಲ್ಲ ಎಂದು ನಾನು ಒಳಗೊಳಗೇ ಬೀಗುತ್ತಾ ಆಸ್ಪತ್ರೆಗೆ ಬಂದಿದ್ದೆ.

ಈ ಡಾಕ್ಟರೇ ಆಗಬೇಕು ಎಂದವನು ಅಪ್ಪ. ಮೂರು ಮಹಡಿಯ ಕಟ್ಟಡ, ಎಲ್ಲ ಬಾಗಿಲೂ ಒಂದೇ ಥರ. ನಾನು ಬೋರ್ಡು ಓದುತ್ತಾ ನಿಂತಿದ್ದರೆ ಅಪ್ಪ ಯಾರನ್ನೂ ಕೇಳದೆ ಮೆಟ್ಟಿಲ ಹಿಂದಿನ ಶೌಚಾಲಯಕ್ಕೆ ನೆಟ್ಟಗೆ ನಡೆದ. ಅವಸರದವನಿಗೆ ದಾರಿ ತಾನಾಗಿ ಕಾಣುತ್ತದೆ ಎಂದುಕೊಂಡೆ.

"ನಿಮ್ಮ ವಯಸ್ಸಿಗೆ ಇದು ಬೇಕಾಗಿಲ್ಲ," ಎಂದರು ಡಾಕ್ಟರು.

"ಗೊತ್ತು ಡಾಕ್ಟ್ರೇ. ಇದರಲ್ಲಿ ಹೆದರೋದೇನೂ ಇಲ್ಲ ಅಂತ ಅಪ್ಪನಿಗೆ ತೋರಿಸ್ಬೇಕು."

ಅವರು ಅಪ್ಪನ ಕಡೆ ನೋಡಿದರು. ಅಪ್ಪ ಮೂತ್ರಪಿಂಡದ ಚಿತ್ರದಿಂದ ಕಣ್ಣು ಕೀಳಲಿಲ್ಲ. "ಸರಿ, ಪರದೆ ಹಿಂದೆ ಬನ್ನಿ," ಎಂದು ಡಾಕ್ಟರು ಎದ್ದರು.

ಕ್ಷೌರದವರಾದ ನಾವು ಯಾರನ್ನು ಕಂಡರೂ ಮೊದಲು ನೋಡುವುದು ತಲೆ. ಅವತ್ತು ನಾನು ನೋಡಿದ್ದು ಅವರ ಬೆರಳು. ದಪ್ಪ ಬೆರಳು. ಅವರು ಕೈಗವಸು ಎಳೆದುಕೊಂಡ ಸದ್ದಿಗೇ ನನ್ನ ಜಂಭ ಅರ್ಧ ಇಳಿಯಿತು. ಗೋಡೆಯ ಕಡೆ ತಿರುಗಿ ಮಂಡಿ ಮಡಚಿ ಮಲಗಿದೆ. ತಣ್ಣಗೆ ಏನೋ ಸವರಿದರು. "ಉಸಿರು ಬಿಡಿ," ಎಂದರು. ಬಿಟ್ಟೆ. ನೋವಾಗಲಿಲ್ಲ, ಆದರೆ ಅಷ್ಟು ಗಾಬರಿ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಕಣ್ಣು ಮುಚ್ಚಿ ಬೀದಿಯ ಅಂಗಡಿಗಳನ್ನು ಒಂದೊಂದಾಗಿ ನೆನೆಯುತ್ತಾ ಹೋದೆ. ಇಸ್ತ್ರಿ ಅಂಗಡಿ ದಾಟುವಷ್ಟರಲ್ಲಿ ಮುಗಿದೇ ಹೋಯಿತು.

"ಏನೂ ಇಲ್ಲ. ಎಲ್ಲಾ ಸರಿಯಾಗಿದೆ."

ಪರದೆಯ ಆಚೆಯಿಂದ ಅಪ್ಪನ ದನಿ ಕೇಳಿತು. "ಸರಿಯಾಗಿ ನೋಡಿದ್ರಾ ಡಾಕ್ಟ್ರೇ? ಗಟ್ಟಿ ಗಟ್ಟಿ ಏನಾದ್ರೂ ಕೈಗೆ ಸಿಕ್ತಾ?"

ಗಟ್ಟಿ ಇರುತ್ತದೆಂದು ಇವನಿಗೆ ಹೇಗೆ ಗೊತ್ತು? ಪ್ಯಾಂಟು ಏರಿಸಿಕೊಂಡು ಹಾಸಿಗೆಯ ಅಂಚಿನಲ್ಲಿ ಕೂತೆ. "ಕೇಳಿಸ್ತಲ್ಲ ಅಪ್ಪ, ಈಗ ನಿನ್ನ ಸರದಿ. ಬಾ," ಎಂದೆ.

ಡಾಕ್ಟರು ಪರದೆ ಸರಿಸಿದರು. ಅಪ್ಪ ಎರಡು ಕೈಯನ್ನೂ ಮುಖಕ್ಕೆ ಒತ್ತಿಕೊಂಡು ಕೂತಿದ್ದ. ಅವನು ಕೈ ತೆಗೆಯುವವರೆಗೆ ಕಾದು ಡಾಕ್ಟರು ಕೇಳಿದರು, "ಇನ್ನು ಹೇಳಬಹುದಾ?"

ಅಪ್ಪ ತಲೆಯಾಡಿಸಿದ. ಅವರು ಡ್ರಾಯರಿನಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟರು. ಮೇಲೆ ಅಪ್ಪನ ಹೆಸರಿತ್ತು.

"ಇವರಿಗೆ ನಾನು ಹನ್ನೊಂದು ತಿಂಗಳ ಹಿಂದೇನೇ ಪರೀಕ್ಷೆ ಮಾಡಿದೀನಿ. ಚೂರು ತೆಗೆದು ಲ್ಯಾಬಿಗೂ ಕಳಿಸಿದ್ವಿ. ಕ್ಯಾನ್ಸರ್. ಆಪರೇಷನ್ ಮಾಡಿಸಿ ಅಂದೆ. ಮನೇಲಿ ಹೇಳಿ ಬರ್ತೀನಿ ಅಂತ ಹೋದವರು ಮತ್ತೆ ಬಂದಿದ್ದು ಮೊನ್ನೆ. ಮಗನನ್ನ ಕರ್ಕೊಂಡು ಬರ್ತೀನಿ, ಅವನೇ ಪರೀಕ್ಷೆ ಮಾಡಿ ಅಂತ ಕೇಳ್ತಾನೆ, ಅದು ಮುಗಿಯೋ ತನಕ ನನ್ನ ವಿಷಯ ಎತ್ತಬೇಡಿ ಅಂದ್ರು. ಈ ವಯಸ್ಸಿಗೆ ಬೇಡ ಅಂದೆ. ಹಟ ಬಿಡಲಿಲ್ಲ."

ನಾನು ಬೆಲ್ಟು ಹಾಕುತ್ತಿದ್ದೆ. ಕೈ ಅಲ್ಲೇ ನಿಂತುಹೋಯಿತು. ಅವರು ಬೇರೆ ಯಾರದೋ ಅಪ್ಪನ ಮಾತು ಹೇಳುತ್ತಿದ್ದಾರೆ ಅನ್ನಿಸಿತು. ಆಮೇಲೆ ಎದೆಯೊಳಗಿಂದ ಸಿಟ್ಟು ನುಗ್ಗಿ ಬಂತು.

"ಹನ್ನೊಂದು ತಿಂಗಳು ಬಾಯಲ್ಲಿ ಏನಿಟ್ಕೊಂಡಿದ್ದೆ? ಹೇಳೋಕೇನಾಗಿತ್ತು ನಿನಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ? ನನ್ನ ಹೊತ್ಕೊಂಡು ಓಡ್ತಿದ್ದೆ. ನಿನ್ನದು ಮರೆತೇ ಹೋಗ್ತಿತ್ತು." ಅಪ್ಪನ ದನಿ ಗಿರಾಕಿಯ ಹತ್ತಿರ ಮಾತಾಡುವಷ್ಟೇ ಮೆತ್ತಗಿತ್ತು. "ಅಪ್ಪನಿಗಿದ್ರೆ ಗಂಡುಮಕ್ಕಳಿಗೂ ಬರಬಹುದು ಅಂದ್ರು ಇವರು. ನಮ್ಮಪ್ಪ ಹೋದ, ಅಣ್ಣ ಹೋದ, ಈಗ ನಾನು. ಮುಂದಿಂದು ಯಾರದು ಅಂತ ಗೊತ್ತಾಗ್ದೆ ನಾನು ಹೆಂಗೆ ಹೋಗಿ ಮಲಗ್ಲಿ? ಬಾ, ಇಬ್ರೂ ಒಂದ್ಸಲ ತೋರಿಸ್ಕೊಂಡು ಬರೋಣ ಅಂತ ನಿನ್ನ ಎರಡು ಸಲ ಕರೆದೆ. ಮುದುಕರ ಕಾಯಿಲೆ ನನಗ್ಯಾಕೆ, ನೀನು ಹೋಗು ಅಂದೆ ನೀನು. ಮಾಡು ಅಂದ್ರೆ ನೀನು ಮಾಡಲ್ಲ. ನಿನ್ನ ಕೈಲಿ ಆಗಲ್ಲ ಅಂದ್ರೆ ಮಾಡ್ತೀಯ. ಅದು ಹೊಳೆಯೋಕೆ ಇಷ್ಟು ದಿನ ಬೇಕಾಯ್ತು."

ನಾನು ಹಾಗೆ ಅಂದದ್ದು ನಿಜ. ಯಾರದೋ ಕೆನ್ನೆಗೆ ಸೋಪು ಹಚ್ಚುತ್ತಾ, ತಿರುಗಿ ಕೂಡ ನೋಡದೆ ಅಂದಿದ್ದೆ.

"ಆಗಲೇ ಬಂದಿದ್ರೆ ಗ್ರಂಥಿ ತೆಗೆದು ಮುಗಿಸ್ತಿದ್ವಿ," ಎಂದರು ಡಾಕ್ಟರು. "ಈಗ ಸೊಂಟ ನೋವು ಅಂತಿದಾರೆ. ಮೂಳೆಗೆ ಇಳಿದಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡಬೇಕು."

ಸೊಂಟ ಎಂದೊಡನೆ ನನಗೆ ಆ ಸ್ಟೂಲು ನೆನಪಾಯಿತು. ಮಹಾರಾಜರು ಎಂದದ್ದು ನೆನಪಾಯಿತು. ಅದಕ್ಕೆ ಅಪ್ಪ ನಕ್ಕದ್ದೂ ನೆನಪಾಯಿತು.

ಮೂಳೆಯ ಮಾತು ಅಪ್ಪನ ಕಿವಿಗೆ ಬಿದ್ದಂತೆಯೇ ಕಾಣಲಿಲ್ಲ. "ಇವನಿಗೆ ಖಂಡಿತ ಏನೂ ಇಲ್ಲ ತಾನೇ?" ಎಂದು ಮತ್ತೆ ಕೇಳಿದ.

"ಇಲ್ಲ. ನಲವತ್ತಾದ ಮೇಲೆ ವರ್ಷಕ್ಕೊಂದು ಸಲ ಬಂದ್ರೆ ಸಾಕು."

"ಹಾಗಾದ್ರೆ ಸರಿ. ನಾನು ಎಲ್ಲಿ ಮಲಗ್ಬೇಕು ಹೇಳಿ."

ಡಾಕ್ಟರು ಒಂದು ಲೋಟ ನೀರು ತುಂಬಿಸಿದರು. ಅಪ್ಪನಿಗಿರಬೇಕು ಎಂದುಕೊಂಡರೆ ನನ್ನತ್ತ ಚಾಚಿದರು. ಅಷ್ಟು ಹೊತ್ತಿಗೆ ನನ್ನ ಅಂಗಿಯ ಎದೆಯೆಲ್ಲ ಒದ್ದೆಯಾಗಿತ್ತು, ಗಂಟಲಿನಿಂದ ನನಗೇ ಗೊತ್ತಿಲ್ಲದ ಸದ್ದು ಬರುತ್ತಿತ್ತು.

"ನೀರೇನೂ ಬೇಡ ಡಾಕ್ಟ್ರೇ," ಎಂದ ಅಪ್ಪ. "ನನ್ ಮಗ ಅಳಲ್ಲ."

ಎದ್ದು ಹತ್ತಿರ ಬಂದು ಹೆಗಲ ಟವೆಲ್ ತೆಗೆದ. ಆದರೆ ಒರೆಸಿದ್ದು ನನ್ನ ಕಣ್ಣನ್ನಲ್ಲ. ರೂಢಿಯ ಕೈ ಅದು, ಕತ್ತನ್ನು ಒರೆಸಿತು.

"ಆಯ್ತು, ಏಳು," ಎಂದ.

ನಾನು ಎದ್ದೆ. ಎದ್ದ ಜಾಗದಲ್ಲಿ ಅಪ್ಪ ಮಲಗಿದ.