ದೊರೆಯ ಊಟ

"ಮೂರು ದಿನ ಆಯ್ತಣ್ಣ, ದೊರೆ ಒಂದು ತುತ್ತೂ ಮುಟ್ಟಿಲ್ಲ," ಎಂದು ಮೀಸೆಯವನು ಬಾಗಿಲಲ್ಲೇ ಹೇಳಿದ. ಬೂಟು ಬಿಚ್ಚುವಷ್ಟೂ ತಾಳ್ಮೆ ಅವನಿಗಿರಲಿಲ್ಲ.

ದೊರೆ ಎಂದರೆ ಸೇನೆಯ ನಾಯಿ. ಮದ್ದುಗುಂಡು ಮೂಸಿ ಹುಡುಕುವ, ದೊಡ್ಡ ಸಾಹೇಬರು ಬಂದರೂ ಬಾಲ ಆಡಿಸದ ನಾಯಿ. ಮರಿಯಿಂದ ಆರು ವರ್ಷ ಅದನ್ನು ಸಾಕಿದವನು ಈಗ ಸೇನೆ ಬಿಡುತ್ತಿದ್ದ. ಅದನ್ನು ಬಿಟ್ಟಿರಲಾರದೆ ರಜೆಯನ್ನೇ ಹಾಕದ ಪುಣ್ಯಾತ್ಮನ ಹೆಸರಲ್ಲಿ ಐವತ್ತೆರಡು ದಿನ ಕೂಡಿಬಿದ್ದಿತ್ತು. ಬಿಡುಗಡೆಯ ದಿನದೊಳಗೆ ತೆಗೆದುಕೊಂಡರೆ ಉಂಟು, ಇಲ್ಲದಿದ್ದರೆ ಹೋಯಿತು ಎಂದು ಗುಮಾಸ್ತ ಹೇಳಿದ್ದ. ರಜೆಯಲ್ಲಿರುವವನು ನಾಯಿಮನೆಯ ಕಡೆ ಸುಳಿಯುವಂತಿಲ್ಲ, ನಾಯಿ ಹೊಸಬನಿಗೆ ಹೊಂದಿಕೊಳ್ಳಬೇಕು. ಆ ಹೊಸಬನೇ ಈ ಮೀಸೆಯವನು.

"ಸೋಮವಾರದೊಳಗೆ ತಿನ್ನದಿದ್ರೆ ಕೆಲಸಕ್ಕೆ ಬಾರದ್ದು ಅಂತ ಬರೆದು ಎಲ್ಲಿಗೋ ಸಾಗಿಸ್ತಾರಂತೆ. ಡಾಕ್ಟ್ರು ಹೇಳಿದ್ರು." ಅವನು ಜೇಬಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹರಡಿದ. "ರಜೆ ರದ್ದು ಮಾಡೋ ಅರ್ಜಿ. ಒಂದು ಸಹಿ ಹಾಕಿ ಸಾಕು. ಬಿಡುಗಡೆ ದಿನದವರೆಗೂ ನೀವೇ ಬನ್ನಿ."

ತಾನಿಲ್ಲದೆ ದೊರೆ ಉಣ್ಣುತ್ತಿಲ್ಲ ಎಂದು ಕೇಳಿ ಸಾಕಿದವನಿಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ನೀರು ತಂದ ಹೆಂಡತಿ ಅರ್ಜಿಯನ್ನು ತಲೆಕೆಳಗಾಗಿಯೇ ಓದಿಕೊಂಡಳು. ಅದು ರಜೆಯ ನಾಲ್ಕನೇ ದಿನ. ಮದುವೆಯಾದ ಮೇಲೆ ಅವನು ಒಟ್ಟಿಗೆ ನಾಲ್ಕು ದಿನ ಮನೆಯಲ್ಲಿದ್ದದ್ದು ಅದೇ ಮೊದಲು.

"ಅದೇ ತಟ್ಟೆ, ಅದೇ ಹೊತ್ತು. ನಿಮ್ಮ ಹಳೇ ಅಂಗೀನೂ ಹಾಕ್ಕೊಂಡು ಹೋದೆ. ಏನು ಮಂತ್ರ ಹಾಕ್ತೀರಣ್ಣ?"

"ಮಂತ್ರನೂ ಇಲ್ಲ, ಮಣ್ಣೂ ಇಲ್ಲ. ಇಡ್ತೀನಿ, ತಿನ್ನುತ್ತೆ," ಎಂದು ಅವನು ಪೆನ್ನಿಗಾಗಿ ತಡಕಾಡಿದ.

ಹೆಂಡತಿ ಲೋಟ ಹಿಡಿದುಕೊಂಡೇ ಮೀಸೆಯವನನ್ನು ಕೇಳಿದಳು. "ತಟ್ಟೆ ಇಟ್ಟಮೇಲೆ ನೀವು ಎಲ್ಲಿರ್ತೀರ?"

"ಎಲ್ಲಿ ಅಂದ್ರೆ? ಎದುರಿಗೇ ಅತ್ತಿಗೆ. ಕುಕ್ಕರಗಾಲಲ್ಲಿ ಕೂತು ನೋಡ್ತಾ ಇರ್ತೀನಿ, ಈಗ ತಿನ್ನುತ್ತೆ, ಆಗ ತಿನ್ನುತ್ತೆ ಅಂತ."

"ಇವರು ನೋಡಲ್ಲ," ಎಂದಳು. "ನನಗೆ ಬಡಿಸಿ ಹೋಗಿ ಕಿಟಕಿಗೆ ಮುಖ ಹಾಕ್ಕೊಂಡು ನಿಲ್ತಾರೆ. ನಾನು ಕೈ ತೊಳೆಯೋವರೆಗೂ ಈ ಕಡೆ ತಿರುಗಲ್ಲ. ನಾಲ್ಕು ದಿನದಿಂದ ಹೀಗೇ. ನನ್ನ ಮುಖ ಅಷ್ಟು ಬೇಜಾರಾಯ್ತೇನೋ ಅಂದ್ಕೊಂಡಿದ್ದೆ."

ಅವನ ಕೈ ಅಲ್ಲೇ ನಿಂತಿತು. ಮರಿಯಾಗಿದ್ದಾಗ ದೊರೆ ಯಾರಾದರೂ ನೋಡಿದರೆ ತಲೆಯೆತ್ತಿ ನಿಂತುಬಿಡುತ್ತಿತ್ತು. ಅದಕ್ಕೇ ಅವನು ಬೆನ್ನು ತಿರುಗಿಸಿ, ಸಿಮೆಂಟಿನ ನೆಲದ ಮೇಲೆ ತಟ್ಟೆ ಸರಿಯುವ ಸದ್ದನ್ನಷ್ಟೇ ಕೇಳುತ್ತಿದ್ದ. ಆ ರೂಢಿಯನ್ನು ಮನೆಗೂ ಹೊತ್ತು ತಂದದ್ದು ಅವನಿಗೇ ಗೊತ್ತಿರಲಿಲ್ಲ. ಹೇಳದೆ ಸುಮ್ಮನಿದ್ದಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದು ಒಂದು ಗಳಿಗೆ ಸಿಟ್ಟೂ ಬಂತು. ಆದರೂ ಮೀಸೆಯವನಿಗೆ, "ನಾಳೆ ಬೆನ್ನು ಹಾಕಿ ನಿಂತು ನೋಡು," ಎಂದ.

ಮರುದಿನ ಮಧ್ಯಾಹ್ನ ಫೋನು ಬಂತು. "ಬೆನ್ನು ತಿರುಗಿಸಿದ್ದೇ ತಡ, ಅಣ್ಣ. ನೆಕ್ಕಿ ನೆಕ್ಕಿ ತಟ್ಟೇನ ಗೋಡೆವರೆಗೂ ತಳ್ಕೊಂಡು ಹೋಯ್ತು."

"ಒಳ್ಳೇದಾಯ್ತು," ಎಂದು ಅವನು ಫೋನಿಟ್ಟ. ಇನ್ನು ದೊರೆಗೆ ತಾನು ಬೇಕಿಲ್ಲ. ಅಳು ಬಂತು. ಅದನ್ನು ನುಂಗಿಕೊಂಡು ಹೆಂಡತಿಗೆ ಬಡಿಸಿದ. ಕಾಲು ತಾನಾಗಿ ಕಿಟಕಿಯ ಕಡೆ ಎರಡು ಹೆಜ್ಜೆ ಹಾಕಿತು. ಅಲ್ಲಿಂದ ವಾಪಸು ಬಂದು ಅವಳ ಎದುರು ಕುರ್ಚಿ ಎಳೆದು ಕೂತ.

ಎತ್ತಿದ ತುತ್ತನ್ನು ಅವಳು ಕೆಳಗಿಟ್ಟಳು. "ಹಾಗೆ ನೋಡ್ಬೇಡ್ರಿ, ಗಂಟಲಲ್ಲಿ ಇಳಿಯಲ್ಲ."

"ಅಭ್ಯಾಸ ಆಗುತ್ತೆ. ಇನ್ನೂ ನಲವತ್ತೇಳು ದಿನ ಇದೆ."

ಅವಳು ತಟ್ಟೆಯಲ್ಲೇ ಕಣ್ಣಿಟ್ಟು ಮತ್ತೆ ತುತ್ತು ಎತ್ತಿದಳು. ಇಬ್ಬರ ನಡುವೆ, ಸಹಿಯಿಲ್ಲದ ಅರ್ಜಿಯ ಮೇಲೆ ಬಿಸಿ ಪಾತ್ರೆ ಕೂತಿತ್ತು.