ಕುಣಿಗಲ್ಲಿಗೆ ಎರಡು ಗೆರೆ

ಟೆಲಿಫೋನ್ ಇನ್ಸ್‌ಪೆಕ್ಟರ್ ರುದ್ರಯ್ಯನಿಗೆ ತಾನು ಬರೆದ ಫೋನ್ ಲೈನುಗಳ ನಕ್ಷೆಯ ಮೇಲೆ ಎಲ್ಲಿಲ್ಲದ ಮೋಹ. ಬರೆದದ್ದಾದರೂ ಹೇಗಂತೀರಿ? ತುಮಕೂರು ಎಕ್ಸ್‌ಚೇಂಜಿನ ಕುರ್ಚಿ ಬಿಟ್ಟೇಳದೆ! ಊರೂರಿನ ಆಪರೇಟರುಗಳಿಗೆ ಫೋನ್ ಮಾಡಿ, "ನಿಮ್ಮಿಂದ ಕಾಲ್ ಮುಂದಕ್ಕೆ ಯಾವೂರಿಗೆ ಹೋಗುತ್ತೆ?" ಅಂತ ಕೇಳಿ, ಅವರು ಹೇಳಿದಂತೆ ಗೆರೆ ಎಳೆದಿದ್ದ. ಕುಣಿಗಲ್ಲಿಗೆ ಎರಡು ಗೆರೆ ಬಿದ್ದವು. ಒಂದು ನೇರ, ಇನ್ನೊಂದು ಗುಬ್ಬಿ ಊರಿನ ಮೇಲೆ ಹಾಯ್ದು.

ಹೆಂಡತಿ ಬಸವಲಿಂಗಮ್ಮ ಚೊಚ್ಚಲ ಹೆರಿಗೆಗೆ ಕುಣಿಗಲ್ಲಿನ ತವರಿಗೆ ಹೊರಟಾಗ ಅತ್ತೆ ತಿಪ್ಪಮ್ಮನಿಗೆ ಅಳುಕು. ಮಗು ಅಡ್ಡ ಇದೆ, ಹೆರಿಗೆ ತುಮಕೂರಿನ ಆಸ್ಪತ್ರೆಯಲ್ಲೇ ಆಗಲಿ ಅಂದಿದ್ದರು ಡಾಕ್ಟರು.

"ಯಾಕ್ ಹೆದರ್ತೀರಿ ಅತ್ತೆ? ನೋವು ಕಾಣಿಸ್ತಿದ್ದಂಗೆ ಫೋನ್ ಮಾಡಿ, ಕಾರ್ ತರ್ತೀನಿ. ಬಸ್ಸಲ್ಲಿ ಮಾತ್ರ ಕರ್ಕೊಂಡ್ ಬರ್ಬೇಡಿ. ಒಂದು ಲೈನ್ ಸತ್ರೆ ಇನ್ನೊಂದು ದಾರಿ ಇದ್ದೇ ಇರುತ್ತೆ," ಅಂದ ಭೂಪ.

ಬಿರುಗಾಳಿ ಬೀಸಿದ ಮರುದಿನ ಬೆಳಿಗ್ಗೆ ಕುಣಿಗಲ್ಲಿನ ನೇರ ಲೈನ್ ಸತ್ತಿತ್ತು. ರುದ್ರಯ್ಯ ಕಾಫಿ ಹೀರುತ್ತಲೇ ಗುಬ್ಬಿಗೆ ಫೋನ್ ಮಾಡಿದ.

"ನಮ್ಮಿಂದಾನೂ ಕುಣಿಗಲ್ ಸಿಗ್ತಿಲ್ಲ ಸಾರ್," ಅಂದ ಗುಬ್ಬಿ ಆಪರೇಟರ್.

"ತಮಾಷೆ ಮಾಡ್ತೀರೇನ್ರಿ? ಎರಡೂ ಒಟ್ಟಿಗೆ ಹೆಂಗ್ರೀ ಸಾಯುತ್ತೆ?"

ಕಾಫಿ ಅಲ್ಲೇ ಬಿಟ್ಟು ಜೀಪ್ ಹತ್ತಿದ.

ಕುಣಿಗಲ್ ಕೆರೆ ಏರಿಯ ಮೇಲೆ ಹುಣಸೆಮರ ಬಿದ್ದು ಕಂಬ ಮುರಿದಿತ್ತು. ಒಂದೇ ಕಂಬ, ಎರಡು ಜೊತೆ ತಂತಿ.

"ಇನ್ನೊಂದು ಯಾವ್ದಯ್ಯ ಇದು?"

"ಗುಬ್ಬಿದು ಸಾರ್," ಅಂದ ಲೈನ್‌ಮನ್ ಗಂಗಹನುಮಯ್ಯ. "ಏರಿ ಮೇಲೆ ಎರಡೂ ಇದೇ ಕಂಬದಾಗೆ ಬರ್ತವೆ."

ಅಯ್ಯೋ ಶಿವನೇ! ಆಪರೇಟರುಗಳನ್ನೆಲ್ಲ ಕೇಳಿದವನು ಒಂದು ಸಲವೂ ಕಂಬದ ಸಾಲು ಹಿಡಿದು ನಡೆದಿರಲಿಲ್ಲ. ರುದ್ರಯ್ಯ ಮತ್ತೆ ಜೀಪ್ ಹತ್ತಿದ. ಡ್ರೈವರನಿಗೆ ಅತ್ತೆ ಮನೆಯ ದಾರಿ ತೋರಿಸಿದ.

ಮನೆ ಮುಂದೆ ಜನ ಸೇರಿದ್ದರು. ಜಗಲಿಯ ಮೇಲೆ ಕೂತ ತಿಪ್ಪಮ್ಮನ ಮಡಿಲಲ್ಲಿ ಬಿಳೀ ಬಟ್ಟೆ ಸುತ್ತಿದ ಕೂಸು. ಅಳುವಿಲ್ಲ, ಅಲುಗಾಟವಿಲ್ಲ.

"ಬಸವಲಿಂಗಮ್ಮ?" ಅಂದ.

"ಉಳ್ಕಂಡವ್ಳೆ. ಡಾಕ್ಟ್ರು ಒಳಗವ್ರೆ." ತಿಪ್ಪಮ್ಮ ಮುಖ ಎತ್ತಲಿಲ್ಲ. "ನಸುಕಿಗೇ ನೋವು ಬಂತು ಅಳಿಯಂದ್ರೇ. ಫೋನ್ ಸಿಗ್ಲಿಲ್ಲ. ತುಮಕೂರು ಬಸ್ಸು ನಿಂತಿತ್ತು, ಹತ್ತು ಮಗ ಅಂದೆ. ಹತ್ಲಿಲ್ಲ. 'ಇರಮ್ಮ, ಇನ್ನೊಂದು ದಾರಿ ಅದೆ ಅಂದವ್ರೆ, ಫೋನು ಸಿಕ್ಕೇ ಸಿಗ್ತದೆ' ಅಂದ್ಲು."

ರುದ್ರಯ್ಯ ಕೂಸಿಗೆ ಕೈ ಚಾಚಿದ. ತಿಪ್ಪಮ್ಮ ಕೊಡಲಿಲ್ಲ.