ಎರಡು ಸಾಕ್ಷಿ

"ಅಳೇ! ಹೀಗೆ ಕಲ್ಲಿನ ಹಾಗೆ ಕೂತ್ರೆ ಯಾರ ಕರುಳು ಚುರ್ ಅನ್ನುತ್ತೆ? ತಿನ್ನೋವಾಗ ಅಷ್ಟಗಲ ಬಾಯಿ ಬಿಡ್ತೀಯಲ್ಲ, ಈಗೇನಾಯ್ತು ದರಿದ್ರದವಳೆ?"

ಧಣಿಯ ಹೆಂಡತಿ ಹೊಸ್ತಿಲಾಚೆ ನಿಂತು ನನ್ನ ತಂಗಿಗೆ ಸಾಕ್ಷಿ ಕಲಿಸುತ್ತಿದ್ದಳು. ಒಳಗೆ ಗಾಯದ ವಾಸನೆ, ಅದಕ್ಕೇ ಮೂಗಿಗೆ ಸೆರಗು. ದೇವರು ಮಾಡಿದ ಉಪಕಾರವನ್ನು ಭಾನುವಾರ ಎಲ್ಲರೆದುರು ಎದ್ದು ಹೇಳುವುದಕ್ಕೆ ನಮ್ಮ ಚರ್ಚಿನ ಸಭೆಯಲ್ಲಿ ಸಾಕ್ಷಿ ಅನ್ನುತ್ತಾರೆ. ಅದಕ್ಕೂ ತಾಲೀಮು ಬೇಕೆಂದು ನನಗೆ ಗೊತ್ತಿರಲಿಲ್ಲ.

"ಅವಳಿಗೆ ಮಾತು ಹೊರಡಲ್ಲಮ್ಮ. ನಾನೇ ಹೇಳ್ತೀನಿ," ಅಂದೆ.

"ನೀನಾ? ಬರೆದುಕೊಟ್ಟಷ್ಟೇ ಹೇಳಬೇಕು, ತಿಳೀತಾ?"

ನಾವು ಆಸ್ಪತ್ರೆಯ ಚಾದರ ಒಗೆಯುವ ಕಾರ್ಖಾನೆಯ ಕೆಲಸದವರು. ಒದ್ದೆ ಚಾದರವನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುವುದು ತಂಗಿಯ ಕೆಲಸ. ರೋಲರಿನ ಮುಂದೆ ಕೈ ತಡೆಯಲು ಒಂದು ಕಂಬಿ ಇತ್ತು. ಕೆಲಸ ನಿಧಾನವಾಗುತ್ತದೆಂದು ಧಣಿ ಅದನ್ನು ಬಿಚ್ಚಿಸಿದ. ಮೂರನೆಯ ದಿನ ಚಾದರದ ಜೊತೆ ತಂಗಿಯ ಬಲಗೈಯೂ ಒಳಗೆ ಹೋಯಿತು.

ಸಭೆ ಕೈಬಿಡಲಿಲ್ಲ, ಸುಳ್ಳು ಹೇಳಬಾರದು. ದಿನಕ್ಕೊಂದು ಮನೆಯಿಂದ ಊಟ ಬಂತು, ಔಷಧಿ ಬಂತು. ಹೊಲಿಗೆಯವಳು ತಂಗಿಯ ತಲೆ ತೊಳೆದು, ಜಡೆ ಹೆಣೆದು, ತಾನೇ ಅತ್ತಳು. ಅಂಥವರ ಕರುಣೆಯಲ್ಲಿ ನಾನು ಕುಂದು ಹುಡುಕಲಾರೆ. ಚಾದರ ಮಡಚುವ ಆರು ಹೆಂಗಸರು ತಂಗಿಯ ಪಾಲಿನ ಕೆಲಸ ಹಂಚಿಕೊಂಡು ಅವಳ ಜಾಗ ಉಳಿಸಿದರು. ಅದನ್ನು ಯಾರೂ ಸಾಕ್ಷಿಯಲ್ಲಿ ಬರೆದುಕೊಡಲಿಲ್ಲ.

ತಾಲೀಮಿನ ದಿನ ಸಂಜೆ ಧಣಿಯೇ ಬಂದ.

"ಮಂಗಳವಾರ ಲೇಬರ್ ಆಫೀಸರ್ ಬರ್ತಾನೆ. ಅವನೂ ಸಾಕ್ಷಿ ಕೇಳ್ತಾನೆ. ಇಲ್ಲೊಂದು ಅಲ್ಲೊಂದು ಅಂತ ಎರಡೆರಡು ಸಾಕ್ಷಿ ಬೇಡ. ತೂಕಡಿಸಿದಳು, ಕೈ ಹೋಯ್ತು, ದೇವರು ಜೀವ ಉಳಿಸಿದ. ಅಷ್ಟೇ. ಇಲ್ಲಾಂದ್ರೆ ನಾಳೆಯಿಂದ ಊಟ, ಔಷಧಿ ಎಲ್ಲ ಬಂದ್."

"ಅದು ಸಭೆಯ ಊಟ ಅಲ್ವಾ ಧಣಿ?"

"ಕರುಣಾ ಸಮಿತಿ ಅಧ್ಯಕ್ಷ ಯಾರೇ, ನಿಮ್ಮಪ್ಪನಾ?"

ಅಧ್ಯಕ್ಷ ಅವನೇ. ಕೆಲಸ ಅವನದು, ನಾವಿದ್ದ ಕೋಣೆಯೂ ಅವನದು. ಎತ್ತ ಹೊರಳಿದರೂ ಅವನ ಗೋಡೆಗೇ ತಲೆ ತಗಲುತ್ತಿತ್ತು. ನನಗೆ ಹೆದರಿಕೆಯಾಗಿತ್ತು. ತಂಗಿಯ ಗಾಯ ಇನ್ನೂ ಹಸಿಯಾಗಿತ್ತು.

ಭಾನುವಾರ ಪಾಸ್ಟರ್ ಕರೆದರು. ಎದ್ದೆ. ಧಣಿಯ ಮನೆಯವರು ಬರೆದುಕೊಟ್ಟ ಚೀಟಿ ಬಿಡಿಸಿ ಹಿಡಿದೆ.

"ನನ್ನ ತಂಗಿ ತೂಕಡಿಸಿ..." ಎಂದು ಶುರು ಮಾಡಿದೆ. ಪಕ್ಕದಲ್ಲಿ ಕೂತಿದ್ದ ತಂಗಿ ತಲೆ ಎತ್ತಿ ನೋಡಿದಳು. ಅವಳು ಕೆಲಸದಲ್ಲಿ ಒಂದು ದಿನವೂ ತೂಕಡಿಸಿದವಳಲ್ಲ. ನನಗೆ ನಾಚಿಕೆಯಾಯಿತು.

"ಇಲ್ಲ. ಅವಳು ತೂಕಡಿಸಲಿಲ್ಲ," ಅಂದೆ. "ನಿಮ್ಮ ಅನ್ನ ಉಂಡಿದ್ದೀವಿ, ನಿಮ್ಮ ಮನೆಗಳು ತಣ್ಣಗಿರಲಿ. ಆದ್ರೆ ರೋಲರಿನ ಕಂಬಿ ಬಿಚ್ಚಿಸಿದ್ದು ಧಣಿ. ಇದೇ ನನ್ನ ಸಾಕ್ಷಿ. ಮಂಗಳವಾರಾನೂ ಇದೇ."

"ಕೂತ್ಕೊಳೇ, ಉಂಡ ಮನೆಗೆ ಎರಡು ಬಗೆಯೋ ಹಲ್ಕಾ ಮುಂಡೆ!" ಧಣಿ ಮುಂದಿನ ಸಾಲಿನಿಂದ ಕಿರುಚಿದ.

ಪಾಸ್ಟರ್ ಗಾಬರಿಯಲ್ಲಿ ಹಾಡು ಎತ್ತಿಕೊಂಡರು. ಮುಂದಿನ ಸಾಲುಗಳು ಎಂದಿನಂತೆ ಎರಡೂ ಕೈ ಮೇಲೆತ್ತಿ ಹಾಡತೊಡಗಿದವು. ನನ್ನ ದನಿ ಅದರಲ್ಲಿ ಮುಳುಗಿತು.

ತಂಗಿ ಹಲ್ಲಿನಿಂದ ಬಲಗೈಯ ಕಟ್ಟಿನ ಗಂಟು ಬಿಚ್ಚಿ, ಪಟ್ಟಿ ಸುತ್ತು ಸುತ್ತಾಗಿ ಕಳಚಿದಳು. ಎದ್ದು, ಎಲ್ಲರಂತೆ ತಾನೂ ಕೈ ಎತ್ತಿದಳು. ಎರಡು ಬೆರಳಿರಲಿಲ್ಲ, ಉಳಿದವು ಅಂಟಿಕೊಂಡಿದ್ದವು. ಹತ್ತಿರದವರ ಕೈಗಳು ಇಳಿದವು. ಹಾಡು ಮಾತ್ರ ನಿಲ್ಲಲಿಲ್ಲ.

ಹಿಂದಿನ ಬೆಂಚಿನಲ್ಲಿ ಮಡಚುವ ಹೆಂಗಸರು ಒಬ್ಬೊಬ್ಬರಾಗಿ ಏಳತೊಡಗಿದರು. ಬಾಗಿಲಿಗೆ ಅಡ್ಡ ನಿಂತಿದ್ದ ಕಾರ್ಖಾನೆಯ ಮೇಸ್ತ್ರಿ, ಎದ್ದವರ ಮುಖಗಳನ್ನು ಗುರುತು ಮಾಡಿಕೊಳ್ಳುತ್ತಿದ್ದ. ಐವರಾದರು. ಆರನೆಯವಳು ಅವನತ್ತ ತಿರುಗಿ ನೋಡಿದಳು, ಬೆಂಚು ಹಿಡಿದುಕೊಂಡು ಎದ್ದಳು.